ನಾಲ್ಕು ಗಂಟೆಗೆ ಬೀಳುವ ಗಾಳಿಪಟ

ಪಂಕಜಾಕ್ಷಿಯ ಪ್ರಕಾರ ಕಂಪ್ಯೂಟರಿಗೆ ಬರುವ ಕಾಯಿಲೆಗಳು ಮೂರೇ ಮೂರು: ಬಿಸಿ, ಧೂಳು ಮತ್ತು ಮಾಲೀಕ. ಹೊನ್ನಗಟ್ಟದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವಳು ರಿಪೇರಿ ಅಂಗಡಿ ತೆರೆದು ಹದಿನಾಲ್ಕು ವರ್ಷವಾಗಿತ್ತು. ನಾಲ್ಕನೆಯ ಕಾಯಿಲೆಯನ್ನು ಅವಳು ಕಂಡಿರಲಿಲ್ಲ. ಇದೆಯೆಂದು ಯಾರಾದರೂ ಹೇಳಿದರೆ ನಂಬುವವಳೂ ಅಲ್ಲ. ಹಾಗಾಗಿ ಹನ್ನೆರಡು ದಿನದ ಬಾಣಂತಿಯಾದ ತಂಗಿ ಇಂದುಮತಿ ಮನೆಯ ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ, "ಅಕ್ಕಾ, ನೀನು ಮಾಡ್ಕೊಟ್ಟ ಕಂಪ್ಯೂಟರು ದಿನಾ ಕೈ ಕೊಡ್ತಾ ಇದೆ" ಎಂದು ದೂರಿದಾಗ ಅವಳಿಗೆ ಚಿಂತೆಯಾಗಲಿಲ್ಲ, ಅವಮಾನವಾಯಿತು.

ತಂಗಿಯ ಮದುವೆಗೆ ನಂಟರೆಲ್ಲ ಬೆಳ್ಳಿ ಚೊಂಬು, ರೇಷ್ಮೆ ಸೀರೆ ಕೊಟ್ಟಾಗ ಪಂಕಜಾಕ್ಷಿ ಕೊಟ್ಟಿದ್ದು ಆ ಕಂಪ್ಯೂಟರನ್ನು. ಇಂದುಮತಿಗೆ 'ಬಾಲಂಗೋಚಿ' ಎಂಬ ಆಟದ ಹುಚ್ಚು. ಪರದೆಯ ಆಕಾಶದಲ್ಲಿ ನಲವತ್ತು ಊರಿನ ನಲವತ್ತು ಮಂದಿ ಗಾಳಿಪಟ ಹಾರಿಸಿ, ಒಬ್ಬರ ದಾರವನ್ನು ಒಬ್ಬರು ಕತ್ತರಿಸಬೇಕು. ಗಾಳಿಯ ಒಂದೊಂದು ಸುಳಿಯನ್ನೂ ಆ ಆಟ ಲೆಕ್ಕ ಹಾಕುತ್ತದೆ. ಸಾಧಾರಣ ಯಂತ್ರಗಳು ಅದರ ಮುಂದೆ ಏದುಸಿರು ಬಿಡುತ್ತವೆ. ಆದ್ದರಿಂದ ಅಕ್ಕ ಅದನ್ನು ಓವರ್‌ಕ್ಲಾಕ್ ಮಾಡಿದ್ದಳು. ಯಂತ್ರ ಇಷ್ಟೇ ವೇಗದಲ್ಲಿ ಓಡಬೇಕೆಂದು ತಯಾರಿಸಿದವರು ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆ ದಾಟಿಸಿ ಓಡಿಸುವುದೇ ಓವರ್‌ಕ್ಲಾಕ್. ಅದಕ್ಕಾಗಿ ಅವಳು ಎರಡು ಕೆಲಸ ಮಾಡಿದಳು. ಈಚೆಗೆ ಬಂದಿರುವ, ಕಾಗದಕ್ಕಿಂತ ತೆಳ್ಳಗಿನ ಮೆಮೊರಿ ಚಿಪ್‌ನ ಮೇಲಿದ್ದ ಲೋಹದ ಮುಚ್ಚಳ ಕಿತ್ತುಹಾಕಿ, ಫ್ಯಾನಿನ ಗಾಳಿ ಅದಕ್ಕೆ ನೇರವಾಗಿ ಬಡಿಯುವಂತೆ ಮಾಡಿದಳು. ಚಿಪ್‌ನೊಳಗೆ ತಪ್ಪು ಹುಡುಕಿ ತಿದ್ದುವ ಕಾವಲು ವ್ಯವಸ್ಥೆಯೊಂದಿತ್ತು. ವೇಗಕ್ಕೆ ಅಡ್ಡಿ ಎಂದು ಅದನ್ನೂ ಮಲಗಿಸಿದಳು. ಚಿಂತಾಮಣಿಯ ಗಂಡನ ಮನೆಯಲ್ಲಿ ಎರಡು ವರ್ಷ ಆ ಯಂತ್ರ ಒಮ್ಮೆಯೂ ತಡವರಿಸಿರಲಿಲ್ಲ.

ಬಾಣಂತನಕ್ಕೆ ತವರಿಗೆ ಬರುವಾಗ ಇಂದುಮತಿ ಬಟ್ಟೆಗಿಂತ ಮೊದಲು ಕಂಪ್ಯೂಟರನ್ನು ಕಟ್ಟಿಸಿದ್ದಳು. "ನಲವತ್ತು ದಿನ ಕತ್ತಲೆ ಕೋಣೇಲಿ ಕೂತ್ಕೊಂಡು ನಾನೇನು ಗೋಡೆ ಎಣಿಸ್ಲಾ?" ಎಂದು ಕೇಳಿದ್ದಳು. ತಾಯಿ ಮುನಿರತ್ನಮ್ಮ ಸುಲಭಕ್ಕೆ ಒಪ್ಪಲಿಲ್ಲ. ಪರದೆ ನೋಡಿದರೆ ಕಣ್ಣು ಹೋಗುತ್ತದೆ, ಫೋನು ಮಗುವಿನ ಹತ್ತಿರ ಇರಲೇಕೂಡದು ಎಂದು ಗೊಣಗಿ, ಕಡೆಗೆ ಫೋನನ್ನು ಅಡುಗೆಮನೆಗೆ ಹಾಕಿಸಿ ಕಂಪ್ಯೂಟರಿಗೆ ರಾಜಿಯಾದಳು. ಮೇಜಿಗೆ ಜಾಗವಿಲ್ಲದೆ ಅದು ಮಂಚದ ಪಕ್ಕ ನೆಲದ ಮೇಲೆ ಕೂತಿತು.

ಮೊದಲ ದಿನ ಪಂಕಜಾಕ್ಷಿ ಕೈಕಾಲು ತೊಳೆದು, ತಾಯಿಯ ಅಪ್ಪಣೆ ಪಡೆದು, ಡಾಕ್ಟರರ ಗತ್ತಿನಲ್ಲಿ ಆ ಕೋಣೆ ಹೊಕ್ಕಳು. ಕಿಟಕಿಯ ಸಂದಿಗಳಿಗೆಲ್ಲ ಹಳೆ ಸೀರೆಯ ಚೂರು ತುರುಕಿತ್ತು. ಬಾಗಿಲ ಬುಡಕ್ಕೆ ಸುತ್ತಿದ ಕಂಬಳಿ ಒತ್ತಿತ್ತು. ಬಾಣಂತಿಗೆ ಗಾಳಿ ತಾಕಬಾರದು. ತಾಕಿದರೆ ಸಾಯುವ ತನಕ ಸೊಂಟ ಹಿಡಿಯುತ್ತದೆ ಎಂಬುದು ಮುನಿರತ್ನಮ್ಮನಿಗೆ ಅವಳ ಅತ್ತೆ ಕಲಿಸಿದ ಪಾಠ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನು, ಹೀಗೆ ಇಂದುಮತಿ ಯುದ್ಧಕ್ಕೆ ಹೊರಟವಳಂತೆ ಮಂಚದ ಮೇಲೆ ಕೂತಿದ್ದಳು. ಕೆಳಗಿನ ಚಾಪೆಯಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ ಮಗು ಮಲಗಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಇನ್ನೂ ಆಗಿರಲಿಲ್ಲ.

"ಹಟ ಅನ್ನೋದೇ ಇಲ್ಲ ನೋಡು ಈ ಕೂಸಿಗೆ. ಮಲಗಿದ್ರೆ ಮಲಗ್ತು ಅಷ್ಟೆ. ನೀನು ಹುಟ್ಟಿದಾಗ ಊರೆಲ್ಲಾ ಏಳಿಸ್ತಿದ್ದೆ" ಎಂದಳು ಮುನಿರತ್ನಮ್ಮ ಹಿರಿಮಗಳಿಗೆ.

"ನಂಗೂ ಅಷ್ಟೇ ಕಣಕ್ಕಾ, ಸಾಯಂಕಾಲ ಆದ್ರೆ ತಲೆ ಭಾರ, ಕಣ್ಣು ಎಳೀತದೆ" ಎಂದಳು ಇಂದುಮತಿ.

"ಆ ಹಾಳು ಪೆಟ್ಟಿಗೆ ನೋಡಿದ್ರೆ ಇನ್ನೇನಾಗ್ತದೆ?" ಎನ್ನುತ್ತಾ ತಾಯಿ ಗೋಡೆಯ ಬುಡದಲ್ಲಿದ್ದ ಹಣತೆಯನ್ನು ಮತ್ತೆ ಹಚ್ಚಿದಳು. "ಇದೊಂದು ದೀಪ ನಿಲ್ತಿಲ್ಲ. ಎಲ್ಲಿಂದ ನುಗ್ತದೋ ಗಾಳಿ, ಎಷ್ಟು ತುರುಕಿದ್ರೂ ಆರೋಗ್ತದೆ." ಅವಳು ಇನ್ನೊಂದು ಸೀರೆ ಚೂರು ಹರಿದು ಕಿಟಕಿಯ ಮೂಲೆಗೆ ತುರುಕಿದಳು. ಪಂಕಜಾಕ್ಷಿ ಅದನ್ನು ನೋಡಿದಳು, ನೋಡಿಯೂ ಗಮನಿಸಲಿಲ್ಲ. ಅವಳ ಕಣ್ಣೆಲ್ಲ ಯಂತ್ರದ ಮೇಲಿತ್ತು.

ಯಂತ್ರ ಬೀಳುತ್ತಿದ್ದುದು ದಿನಾ ಮಧ್ಯಾಹ್ನ ನಾಲ್ಕರ ಆಸುಪಾಸಿನಲ್ಲಿ. ಹಾರುತ್ತಿದ್ದ ಪಟ ಗಕ್ಕನೆ ನಿಲ್ಲುತ್ತದೆ, ಪರದೆ ನೀಲಿಯಾಗುತ್ತದೆ, ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. "ನಾಲ್ಕು ಗಂಟೆ ಅಂದ್ರೆ ಗೋಡೆ ಕಾದಿರೋ ಹೊತ್ತು. ಬಿಸಿ, ಇನ್ನೇನು" ಎಂದು ತೀರ್ಪು ಕೊಟ್ಟು ಪಂಕಜಾಕ್ಷಿ ಎರಡು ಫ್ಯಾನಿದ್ದ ಕಡೆ ನಾಲ್ಕು ಕೂರಿಸಿದಳು. ಬಾಣಂತಿಯ ಕಡೆ ಗಾಳಿ ಬೀಸದಂತೆ ತಾಯಿ ನಡುವೆ ಒಂದು ರಗ್ಗು ಇಳಿಬಿಟ್ಟಳು.

ಮರುದಿನ ಅದು ಒಂದು ಸಲದ ಬದಲು ಮೂರು ಸಲ ಬಿತ್ತು.

ಆರು ಫ್ಯಾನು ಹಾಕಿದಳು. ಐದು ಸಲ ಬಿತ್ತು. ಬಿಸಿ ಅಳೆದರೆ ಯಂತ್ರ ಮಡಕೆ ನೀರಿನಷ್ಟು ತಣ್ಣಗಿದೆ! ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎಚ್ಚರಾಗುತ್ತಿದ್ದರು. ಪಂಕಜಾಕ್ಷಿ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಒಳಗೆಲ್ಲೋ ಅಳತೆಗೆ ಸಿಗದ ಬಿಸಿಯಿದೆ ಎಂದು ವಾದಿಸಿದಳು. ಸ್ಟೆಬಿಲೈಸರ್ ಬದಲಿಸಿದಳು, ಅರ್ಥಿಂಗ್ ತಂತಿ ಹೊಸದಾಗಿ ಎಳೆದಳು, ಕಡೆಗೆ ಯಂತ್ರವನ್ನೇ ಅಂಗಡಿಗೆ ಹೊತ್ತೊಯ್ದು ಆಟವನ್ನು ತನ್ನಷ್ಟಕ್ಕೆ ಓಡುವಂತೆ ಬಿಟ್ಟಳು. ಅಲ್ಲಿ ಮೂರು ಹಗಲು ಮೂರು ರಾತ್ರಿ ಪಟ ಹಾರುತ್ತಲೇ ಇತ್ತು. ಅಂಗಡಿಯ ಶೀಟಿನ ಮಾಡಿನ ಕೆಳಗೆ ಮನೆಗಿಂತ ಹೆಚ್ಚು ಸೆಕೆ. ಮನೆಗೆ ತಂದಿಟ್ಟ ದಿನವೇ ಮೂರೂ ಮುಕ್ಕಾಲಿಗೆ ಅದು ಮತ್ತೆ ಬಿತ್ತು.

"ದೃಷ್ಟಿ ಕಣೇ" ಎಂದು ತಾಯಿ ಪೆಟ್ಟಿಗೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಪಂಕಜಾಕ್ಷಿ ತಡೆಯಲಿಲ್ಲ. ತನ್ನ ಸ್ಟೆಬಿಲೈಸರಿಗಿಂತ ನಿಂಬೆಹಣ್ಣು ಕಡಿಮೆಯದೇನಲ್ಲ ಎನ್ನುವ ಸ್ಥಿತಿಗೆ ಅವಳು ಬಂದಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂಬ ಗುಮಾನಿ ಅವಳಿಗೂ ಹುಟ್ಟಿತ್ತು. ಎತ್ತು ಯಾವುದು ಎಂದು ಮಾತ್ರ ತಿಳಿಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನ, ಗಂಟೆ, ನಿಮಿಷ, ಎಷ್ಟು ಸಲ ಬಿತ್ತು ಎಂದು ಬರೆಯತೊಡಗಿದಳು.

ಜಗಲಿಯಲ್ಲಿ ಕೂತ ತಂದೆ ಚೌಡಪ್ಪ ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ನಲವತ್ತು ವರ್ಷದ ಹಿಂದೆ ಹೊನ್ನಗಟ್ಟದ ಚಿನ್ನದ ಗಣಿ ಮುಚ್ಚುವ ಮೊದಲು ಅವರು ಐದು ವರ್ಷ ನೆಲದಡಿ ದುಡಿದಿದ್ದರು. ಆಮೇಲೆ ಬಸ್ ಕಂಡಕ್ಟರಾಗಿ ನಿವೃತ್ತರಾದರು. ಗಣಿಯ ಕೆಲಸಗಾರರಿಗೆಂದು ಕಟ್ಟಿದ ಎಂಟನೇ ಲೈನಿನ ಮನೆ ಮಾತ್ರ ಅವರ ಪಾಲಿಗೆ ಉಳಿದಿತ್ತು. ಬಾಣಂತಿ ಕೋಣೆಗೆ ಗಂಡಸರ ನೆರಳೂ ಬೀಳಬಾರದೆಂಬ ಕಟ್ಟಳೆಯನ್ನು ಅವರು ಪ್ರಶ್ನಿಸಿದವರಲ್ಲ. ಬೆಳಿಗ್ಗೆ ಹೆಂಡತಿ ಮಗುವನ್ನು ಎರಡು ನಿಮಿಷ ಹೊರಗೆ ತಂದು ತೋರಿಸಿದರೆ ಅದೇ ಹಬ್ಬ.

"ನಿಮ್ಮ ಕಾಲ್ದಲ್ಲಿ ಯಂತ್ರ ಕೆಟ್ರೆ ಏನ್ ಮಾಡ್ತಿದ್ರಪ್ಪಾ?" ಎಂದು ಒಂದು ದಿನ ಪಂಕಜಾಕ್ಷಿ ನಗುತ್ತಾ ಕೇಳಿದಳು.

"ಮೊದ್ಲು ಯಂತ್ರ ಬಿಟ್ಟು ಜಾಗ ನೋಡ್ತಿದ್ವಿ" ಎಂದರು ಚೌಡಪ್ಪ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮಗಳು ಆ ಮಾತಿಗೂ ನಕ್ಕು ಸ್ಕೂಟರ್ ಹತ್ತಿದಳು.

ಅವತ್ತು ಅವಳಿಗೆ ಗಣಿ ನಿಗಾ ಕೇಂದ್ರದಿಂದ ಕರೆ ಬಂದಿತ್ತು. ಮುಚ್ಚಿದ ಗಣಿಯೊಳಕ್ಕೆ ಇಳಿಯುವ ಮೂರು ಬಾವಿಬಾಯಿಗಳ ಮೇಲೆ ಕಣ್ಣಿಡುವ ಕೇಂದ್ರ ಅದು. ಊರ ಹೊರಗಿನ ಹಳೆ ಎಂಜಿನ್ ಮನೆಯಲ್ಲಿ ನಾಲ್ಕು ಪರದೆ, ಎರಡು ಕುರ್ಚಿ. ಅಲ್ಲಿನ ಎಂಜಿನಿಯರ್ ಅಮೀರ್‌ಜಾನ್ ಹತ್ತು ವರ್ಷದಿಂದ ಅವಳ ಗಿರಾಕಿ. ಎರಡನೇ ಪರದೆ ಮಿನುಗುತ್ತಿತ್ತು. ಪಂಕಜಾಕ್ಷಿ ಕೇಬಲ್ ಬಿಚ್ಚಿ ಹೊಸದು ಸಿಕ್ಕಿಸಿದಳು. ಪರದೆ ಸ್ಥಿರವಾಗಿ ನಿಂತಿತು. ಅದರ ಮೇಲೆ ಒಂದು ಕೆಂಪು ಗೆರೆ ಬೆಟ್ಟಸಾಲಿನಂತೆ ಏರುತ್ತಾ ಇಳಿಯುತ್ತಾ ಹೋಗಿತ್ತು. ಒಂದೊಂದು ಬೆಟ್ಟದ ನೆತ್ತಿಯೂ ನಾಲ್ಕು ಗಂಟೆಯ ಮೇಲಿತ್ತು.

ಅವಳ ಕೈ ತಾನಾಗಿ ಚೀಲದೊಳಗಿನ ನೋಟ್‌ಬುಕ್ಕಿಗೆ ಹೋಯಿತು. "ಜಾನಣ್ಣಾ, ಇದೇನಿದು?"

"ರೇಡಾನ್ ಅಂತ ಒಂದು ಅನಿಲ ಪಂಕಜಮ್ಮ. ಬಂಡೆಯೊಳಗೆ ಹುಟ್ಟತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೋದ ವರ್ಷ ಗಣಿಯ ಪಂಪುಗಳನ್ನ ನಿಲ್ಲಿಸಿದ್ರಲ್ಲ, ಒಳಗೆ ನೀರು ಏರ್ತಾ ಇದೆ. ಬಿಂದಿಗೆಗೆ ನೀರು ತುಂಬಿದ್ರೆ ಒಳಗಿನ ಗಾಳಿ ಹೊರಗೆ ಬರೋದಿಲ್ವಾ, ಹಂಗೆ. ಅದ್ರಲ್ಲೂ ನಾಲ್ಕು ಗಂಟೆ ಹೊತ್ತಿಗೆ ಹೊರಗಿನ ಗಾಳಿಯ ಒತ್ತಡ ದಿನಾ ಸ್ವಲ್ಪ ಇಳಿಯತ್ತೆ. ಆಗ ಗಣಿ ಉಸಿರು ಬಿಡತ್ತೆ ಅನ್ಕೊಳ್ಳಿ."

"ಬಾವಿಬಾಯಿಯಿಂದ ಮಾತ್ರಾನಾ?"

"ನಾವು ಅಳೆಯೋದು ಅಲ್ಲಿ ಮಾತ್ರ."

ಪಂಕಜಾಕ್ಷಿ ನೋಟ್‌ಬುಕ್ಕನ್ನು ಪರದೆಯ ಪಕ್ಕ ಹಿಡಿದಳು. ಹತ್ತನೇ ತಾರೀಖು ಒಂದು ಸಲ, ಅಲ್ಲಿ ಗುಡ್ಡ. ಹದಿನಾಲ್ಕಕ್ಕೆ ಐದು ಸಲ, ಅಲ್ಲಿ ಬೆಟ್ಟ. ಮಳೆಗೆ ಮುಂಚಿನ ದಿನ ಆರು ಸಲ, ಅಲ್ಲಿ ಎಲ್ಲಕ್ಕಿಂತ ದೊಡ್ಡ ಬೆಟ್ಟ. ಅವಳ ತಲೆಯೊಳಗೆ ಒಂದೊಂದೇ ಕೊಂಡಿ ಕೂಡಿಕೊಂಡಿತು. ರೇಡಾನ್ ಸಿಡಿದರೆ ಅದರಿಂದ ಕಣ ಹಾರುತ್ತದೆ. ಲೋಹದ ಮುಚ್ಚಳವಿದ್ದರೆ ಆ ಕಣ ಅದನ್ನು ದಾಟಲಾರದು. ಮುಚ್ಚಳ ಕಿತ್ತವಳು ಯಾರು? ಇವಳೇ. ಕಣ ಬಡಿದರೆ ಚಿಪ್‌ನಲ್ಲಿ ಒಂದು ಸೊನ್ನೆ ಒಂದಾಗುತ್ತದೆ, ಲೆಕ್ಕ ತಪ್ಪಿ ಯಂತ್ರ ಬೀಳುತ್ತದೆ. ತಿದ್ದುವ ಕಾವಲಿಗೆ ನಿದ್ದೆ ಮಾಡಿಸಿದವಳೂ ಇವಳೇ. ಫ್ಯಾನು ಹೆಚ್ಚಿಸಿದಷ್ಟೂ ನೆಲದ ಗಾಳಿಯನ್ನು ಎಳೆದೆಳೆದು ಅದರ ಮೈಗೆ ಸುರಿದಿದ್ದಳು. ಯಂತ್ರಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಹದಿನೈದು ದಿನದಿಂದ ಕೂಗಿ ಹೇಳುತ್ತಿತ್ತು.

ಅವಳಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು, ಯಾಕೆ ಸುಳ್ಳು ಹೇಳಬೇಕು. ಒಗಟು ಬಿಡಿಸಿದವರ ಹೆಮ್ಮೆ. "ಮನೆಯೊಳಗೆ ಬಂದ್ರೆ ಏನಾಗ್ತದೆ ಜಾನಣ್ಣಾ?"

"ರೇಡಾನ್‌ನಿಂದ ಇವತ್ತು ನಾಳೆ ಏನಾಗಲ್ಲ. ವರ್ಷಗಟ್ಟಲೆ ಕುಡಿದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ರೆ ಅದು ಒಂಟಿಯಾಗಿ ಬರಲ್ಲಮ್ಮ. ಅದ್ರ ಜೊತೆ ಗಣಿಯೊಳಗಿನ ಸತ್ತ ಗಾಳಿ ಬರತ್ತೆ. ಉಸಿರಾಡೋಕೆ ಬೇಕಾದ್ದು ಅದ್ರಲ್ಲಿ ಇರಲ್ಲ. ಭಾರವಾದ ಗಾಳಿ, ನೆಲದ ಹತ್ರ ತುಂಬ್ಕೊಳತ್ತೆ. ನಿಮ್ಮಪ್ಪನ್ನ ಕೇಳಿ, ಆಗೆಲ್ಲಾ ದೀಪ ಆರಿದ್ರೆ ಮೇಲಕ್ಕೆ ಓಡ್ತಿದ್ರಂತೆ."

ಹೆಮ್ಮೆ ಅಲ್ಲೇ ಸತ್ತಿತು. ನೆಲದ ಮೇಲಿನ ಹಣತೆ. ನೆಲದ ಮೇಲಿನ ಮಗು. ಹಟ ಮಾಡದ ಮಗು.

"ಇವತ್ತು ಒತ್ತಡ ಎಷ್ಟಿದೆ?"

ಅಮೀರ್‌ಜಾನ್ ಮೂರನೇ ಪರದೆ ನೋಡಿದರು. "ಬಂಗಾಳಕೊಲ್ಲಿಲಿ ವಾಯುಭಾರ ಕುಸಿತ ಅಂತ ಬೆಳಿಗ್ಗೆಯಿಂದ ಹೇಳ್ತಿದಾರೆ. ಈ ವರ್ಷಕ್ಕೆಲ್ಲ ಇದೇ ಕಮ್ಮಿ. ಯಾಕಮ್ಮ?"

ಗಂಟೆ ಮೂರೂ ಮೂವತ್ತೆಂಟು. ಮನೆಗೆ ಸ್ಕೂಟರಿನಲ್ಲಿ ಹನ್ನೆರಡು ನಿಮಿಷ. ಅವಳು ತಾಯಿಗೆ ಫೋನ್ ಮಾಡಿದಳು. ಅದು ಅಡುಗೆಮನೆಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ತಂದೆಗೆ ಮಾಡಿದಳು. ಚೌಡಪ್ಪ ನಿಧಾನವಾಗಿ "ಹಲೋ" ಎಂದರು.

"ಅಪ್ಪಾ, ಹಿಂದಿನ ಕೋಣೆ ಬಾಗಿಲು ತೆಗೀರಿ. ಈಗ್ಲೇ."

"ಬಾಣಂತಿ ಕೋಣೇನಾ? ನಿಮ್ಮಮ್ಮ ಒಳಗೆ ಮಗೀಗೆ ಎಣ್ಣೆ ಹಚ್ತಾವ್ಳೆ. ನಾನ್ಯಾಕೆ ಅಲ್ಲಿಗೆ..."

"ಅಲ್ಲಿ ನೆಲದ ಮೇಲಿಟ್ಟ ದೀಪ ನಿಲ್ತಿಲ್ಲ ಅಪ್ಪಾ. ಗಾಳಿ ಅಂತ ಅಮ್ಮ ಸಂದಿಗೆಲ್ಲಾ ಬಟ್ಟೆ ತುರುಕ್ತಾನೇ ಇದಾಳೆ. ಹದಿನೈದು ದಿನ ಆಯ್ತು, ದೀಪ ಆರ್ತಾನೇ ಇದೆ."

ಆ ಕಡೆಯಿಂದ ಫೋನು ನೆಲಕ್ಕೆ ಬಿದ್ದ ಸದ್ದು ಬಂತು. ಆಮೇಲೆ ದೂರದಲ್ಲಿ ಮರ ಸೀಳಿದ ಸದ್ದು, ತಾಯಿಯ ಚೀರಾಟ, ಗಾಜು ಒಡೆದ ಸದ್ದು. ಪಂಕಜಾಕ್ಷಿ ಫೋನನ್ನು ಕಿವಿಗೊತ್ತಿ ನಿಂತೇ ಇದ್ದಳು. ಒಂದು ನಿಮಿಷ ಏನೂ ಕೇಳಲಿಲ್ಲ. ಅದಾದ ಮೇಲೆ, ಆ ಮನೆಯಲ್ಲಿ ಇನ್ನೂ ಯಾರೂ ಕೇಳಿರದಷ್ಟು ಜೋರಾಗಿ, ಒಂದು ಕೂಸು ಅಳುವುದು ಕೇಳಿಸಿತು. ಅವಳು ಅಮೀರ್‌ಜಾನರ ಕುರ್ಚಿಯಲ್ಲಿ ಕುಸಿದು ತಾನೂ ಅತ್ತಳು.

ಸ್ಕೂಟರ್ ಮನೆ ಮುಟ್ಟಿದಾಗ ಚೌಡಪ್ಪ ಅಂಗಳದಲ್ಲಿ ನಿಂತಿದ್ದರು. ಎಣ್ಣೆ ಮೆತ್ತಿದ ಬರಿಮೈ ಮಗು ಅವರ ಎದೆಯ ಮೇಲಿತ್ತು. ಟೋಪಿಯಿಲ್ಲ, ಕುಲಾವಿಯಿಲ್ಲ, ಮಳೆಗಾಳಿ ಬೀಸುತ್ತಿತ್ತು. ಇಂದುಮತಿ ಜಗಲಿಯಲ್ಲಿ ಕೂತು ಬಾಯ್ತೆರೆದು ಉಸಿರೆಳೆಯುತ್ತಿದ್ದಳು. ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿ ಗಂಡನನ್ನೇ ನೋಡುತ್ತಿದ್ದಳು.

"ನಾನೇ ಕೊಲ್ತಿದ್ನಲ್ಲಾ" ಎಂದಳು.

"ನೀನೇನು ಕಂಡಿದ್ದೆ? ನಾನು ಕಂಡಿದ್ದವನು ಬಾಗಿಲಾಚೆ ಕೂತಿದ್ದೆ" ಎಂದರು ಚೌಡಪ್ಪ. ಮಗು ಅಳುತ್ತಲೇ ಇತ್ತು. ಯಾರೂ ಅದನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಮರುದಿನ ಅಮೀರ್‌ಜಾನ್ ಅನಿಲ ಅಳೆಯುವ ತಮ್ಮ ಯಂತ್ರ ಹೊತ್ತು ಬಂದು ಅಳೆದರು. ಹಿಂದಿನ ಕೋಣೆಯ ನೆಲದಲ್ಲಿ, ಮಂಚದ ಕೆಳಗೆ, ಬೆರಳಗಲದ ಒಂದು ಬಿರುಕಿತ್ತು. ಅದರ ಕೆಳಗೆ ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಸುರಂಗ. ಮದ್ದು ಸರಳವೇ ಇತ್ತು. ನೆಲದಡಿಗೆ ಕೊಳವೆ ಇಳಿಸಿ, ಅದನ್ನು ಸೂರಿಗಿಂತ ಎತ್ತರಕ್ಕೆ ಒಯ್ದು, ಸಣ್ಣ ಫ್ಯಾನಿಟ್ಟು ಕೆಟ್ಟ ಗಾಳಿಯನ್ನು ಆಕಾಶಕ್ಕೆ ಎಸೆಯುವುದು, ಬಿರುಕಿಗೆ ಸಿಮೆಂಟು. ಕೊಳವೆ ಎಲ್ಲಿ ಇಳಿಯಬೇಕೆಂದು ಚೌಡಪ್ಪ ಕೋಲಿನಿಂದ ನೆಲ ಕುಟ್ಟಿ, ಸದ್ದು ಕೇಳಿ ತೋರಿಸಿದರು. ಈ ಸಲ ಮಗಳು ನಗಲಿಲ್ಲ.

ಆದರೆ ಎಂಟನೇ ಲೈನಿನಲ್ಲಿ ಅದೊಂದೇ ಮನೆಯಲ್ಲ, ಇನ್ನೂರ ಹನ್ನೆರಡು ಮನೆಗಳಿದ್ದವು. ಅನಿಲ ಅಳೆಯುವ ಯಂತ್ರಗಳು ಇಡೀ ಜಿಲ್ಲೆಗೆ ಆರು. "ಆರು ಯಾಕೆ? ನನ್ನ ಅಂಗಡಿ ಅಟ್ಟದ ಮೇಲೆ ಗುಜರಿ ಬಿದ್ದಿದೆ" ಎಂದಳು ಪಂಕಜಾಕ್ಷಿ. ಜನ ಎಸೆದುಹೋದ ಕಂಪ್ಯೂಟರುಗಳಿಗೆ ಅದೇ ತೆಳು ಚಿಪ್ ಹಾಕಿ, ಮುಚ್ಚಳ ಕಿತ್ತು, ಕಾವಲು ಮಲಗಿಸಿ, ವೇಗ ಏರಿಸಿದಳು. ಮನೆಮನೆಯ ನೆಲದ ಮೇಲೆ ಒಂದೊಂದು ಕೂತಿತು. ಎಲ್ಲದರಲ್ಲೂ ಬಾಲಂಗೋಚಿ ತಾನಾಗಿ ಓಡುತ್ತಿತ್ತು, ಪಟ ನಿಂತರೆ ಗಂಟೆ ಬಾರಿಸುತ್ತಿತ್ತು. ಯಂತ್ರ ಕೆಡದಂತೆ ನೋಡಿಕೊಳ್ಳುವವಳು ಈಗ ಸರಿಯಾಗಿ ಕೆಡುವ ಯಂತ್ರಗಳನ್ನು ತಯಾರಿಸುತ್ತಿದ್ದಳು. ಮೊದಲ ವಾರ ಹತ್ತೊಂಬತ್ತು ಮನೆಗಳಲ್ಲಿ ಪಟ ಬಿತ್ತು. ಆ ಹತ್ತೊಂಬತ್ತು ಮನೆಯವರೂ ಬಾಗಿಲು ತೆರೆದು ಬೀದಿಗೆ ಬಂದರು, ಬೈದುಕೊಂಡರು, ಬದುಕಿದರು. 'ಪಟ ಬಿತ್ತು' ಎಂದರೆ ಕಿಟಕಿ ತೆಗಿ ಎಂದು ಊರಿನ ಮಕ್ಕಳಿಗೂ ಗೊತ್ತಾಯಿತು.

ಇಂದುಮತಿ ಮಾತ್ರ ಹಿಂದಿನ ಕೋಣೆಗೆ ಕಾಲಿಡಲು ಒಪ್ಪಲಿಲ್ಲ. ಕೊಳವೆ ಬಂದರೂ, ಅಮೀರ್‌ಜಾನ್ ಅಳೆದು ಕೈಮುಗಿದು ಹೇಳಿದರೂ ಜಗಲಿಯಲ್ಲೇ ಮಲಗಿದಳು. ನಲವತ್ತನೇ ದಿನ ತೊಟ್ಟಿಲ ಶಾಸ್ತ್ರ. ತೊಟ್ಟಿಲ ಕೊಂಡಿ ಇದ್ದುದು ಆ ಕೋಣೆಯ ತೊಲೆಯಲ್ಲೇ. "ನಾಲ್ಕು ಗಂಟೆ ದಾಟ್ಲಿ. ಪಟ ಬೀಳದೇ ಇದ್ರೆ ಮಗು ಒಳಗೆ ಬರ್ಲಿ" ಎಂದಳು.

ಹೊರಗೆ ಮೋಡ ಕವಿದಿತ್ತು, ಒತ್ತಡ ಇಳಿದಿತ್ತು. ಕಿಟಕಿಯನ್ನು ಮುನಿರತ್ನಮ್ಮನೇ ಬೇಕೆಂದು ಮುಚ್ಚಿದಳು. ಪರೀಕ್ಷೆ ಎಂದ ಮೇಲೆ ಪರೀಕ್ಷೆ. ನೆಲದ ಮೇಲೆ ಹಣತೆ ಹಚ್ಚಿಟ್ಟು ಅದರ ಎದುರು ಕೂತಳು. ಇಂದುಮತಿ ಮಂಚದ ಅಂಚಿನಲ್ಲಿ ಕೂತು ಆಟ ಶುರು ಮಾಡಿದಳು. ಪಂಕಜಾಕ್ಷಿ ನೋಟ್‌ಬುಕ್ ಹಿಡಿದು ನಿಂತಳು. ಹೊಸ್ತಿಲಾಚೆ ಚೌಡಪ್ಪ, ಅವರ ತೋಳಲ್ಲಿ ಮಗು. ನಾಲ್ಕಾಯಿತು. ನಾಲ್ಕೂ ಕಾಲಾಯಿತು. ಪಟ ಹಾರುತ್ತಿತ್ತು.

"ಅಯ್ಯೋ!" ಎಂದು ಇಂದುಮತಿ ಕಿರುಚಿದಳು.

ಚೌಡಪ್ಪ ಮಗುವಿನೊಂದಿಗೆ ಅಂಗಳಕ್ಕೆ ಹಾರಿಯಾಗಿತ್ತು. ಮುನಿರತ್ನಮ್ಮ ಕಿಟಕಿಯ ಅಗುಳಿಗೆ ಕೈ ಹಾಕಿದಳು.

"ಬಿತ್ತಾ?" ಎಂದಳು ಪಂಕಜಾಕ್ಷಿ.

"ಬಿತ್ತು!"

"ಯಂತ್ರಾನಾ?"

"ಯಂತ್ರ ಅಲ್ಲ ಕಣಕ್ಕಾ, ಪಟ! ಬಾಗೇಪಲ್ಲಿಯೋನು ಯಾರೋ ದಾರ ಕತ್ತರಿಸ್ಬಿಟ್ಟ. ನಾನೇ ಸಡಿಲ ಬಿಟ್ಟಿದ್ದೆ." ಹೇಳುತ್ತಾ ಹೇಳುತ್ತಾ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಅರಿವಾಯಿತು. ಪರದೆಯಲ್ಲಿ ಉಳಿದ ಮೂವತ್ತೊಂಬತ್ತು ಪಟಗಳು ಆರಾಮಾಗಿ ಹಾರುತ್ತಿದ್ದವು. ಕೆಳಗೆ ಹಣತೆ ನೆಟ್ಟಗೆ ಉರಿಯುತ್ತಿತ್ತು.

"ಒಳಗೆ ಬಾರಪ್ಪಾ" ಎಂದು ಇಂದುಮತಿ ಕೂಗಿದಳು.

ಚೌಡಪ್ಪ ಹೊಸ್ತಿಲ ಬಳಿ ಬಂದು ಹೆಂಡತಿಯ ಮುಖ ನೋಡಿದರು. ಮುನಿರತ್ನಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವರು ಒಳಗೆ ಬಂದು ಮೊದಲು ದೀಪ ನೋಡಿದರು, ಆಮೇಲೆ ಬಗ್ಗಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದರು. ಮಗು ಸೂರು ಹಾರಿಹೋಗುವಂತೆ ಅಳಲು ಶುರುಮಾಡಿತು.

ಪಂಕಜಾಕ್ಷಿ ನೋಟ್‌ಬುಕ್ಕಿನ ಕೊನೆಯ ಸಾಲು ತುಂಬಿದಳು. ಸಮಯ: ನಾಲ್ಕೂ ಇಪ್ಪತ್ತು. ಕಾಯಿಲೆ: ಮಾಲೀಕ.